ಮುರಿದ ಸಕ್ಕರೆ ಗೊಂಬೆ ಯಾರ ಪಾಲಿಗೆ?

ಬಹಳ ಹಿಂದೆ, ಇರುವೆಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಒಂದೂರಿಗೆ ಒಬ್ಬ ರಾಕ್ಷಸ ಬಂದನಂತೆ. ಅವನಿಗೆ ಕೋರೆಹಲ್ಲು ಇರಲಿಲ್ಲ, ಕೆಂಗಣ್ಣು ಇರಲಿಲ್ಲ. ಬಾಗಿಲು ಒಡೆದು ನುಗ್ಗುವ ಪೈಕಿಯೂ ಅಲ್ಲ. ನೆಂಟನ ಹಾಗೆ ಹೊಸ್ತಿಲಲ್ಲಿ ನಿಂತು, "ತಾಯಿ, ಒಂದು ಚಿಟಿಕೆ ಸಿಹಿ ಇದ್ದರೆ ಕೊಡು" ಎನ್ನುತ್ತಿದ್ದ. ಸಿಹಿ ಕೇಳಿದವನಿಗೆ ಇಲ್ಲ ಎನ್ನುವ ಮನೆ ಯಾವುದಿದೆ? ಕೊಟ್ಟರು. ಮರುದಿನವೂ ಕೊಟ್ಟರು. ಕೊಟ್ಟವಳ ಕಾಲ್ಬೆರಳು ಒಂದೊಂದಾಗಿ ಜೋಮು ಹಿಡಿದವು. ಕಣ್ಣಿನ ಬೆಳಕು ಎಣ್ಣೆ ತೀರಿದ ದೀಪದಂತೆ ಸಣ್ಣಗಾಯಿತು. ನೋವೇ ಇಲ್ಲದ್ದರಿಂದ ಯಾರೂ ಕೂಗಿಕೊಳ್ಳಲಿಲ್ಲ.

ಆ ರಾಕ್ಷಸ ಸತ್ತನೆಂದು ಯಾವ ಅಜ್ಜಿಯೂ ಹೇಳಲಿಲ್ಲ. ಅವನು ನಮ್ಮ ಕಡೆಗೇ ಬಂದಿದ್ದಾನೆ. ಸಿರುಗುಪ್ಪದಲ್ಲಿ ನೀಲಾವತಿಯ ಮನೆ ಹೊಕ್ಕ.

ನೀಲಾವತಿಗೆ ಐವತ್ತೆರಡು. ರೈಸ್ ಮಿಲ್ಲಿನ ಕಣದಲ್ಲಿ ಬೇಯಿಸಿದ ಬತ್ತ ಒಣಗಿಸುವ ಕೆಲಸ. ಬಿಸಿಲಲ್ಲಿ ಹರಡಿದ ಬತ್ತವನ್ನು ಬರಿಗಾಲಲ್ಲೇ ಸಾಲು ಎಳೆಯುತ್ತ ತಿರುವಿ ಹಾಕಬೇಕು. ಒಂದು ದಿನ ಬತ್ತದೊಳಗಿದ್ದ ತಂತಿಯ ತುಂಡು ಅಂಗಾಲಿಗೆ ನೆಟ್ಟಿತು. ಅವಳಿಗೆ ಗೊತ್ತೇ ಆಗಲಿಲ್ಲ. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದದ್ದು ಕಂಡಳು. ಅರಿಸಿನ ಹಚ್ಚಿದಳು. ಗಾಯ ಮಾಯಲಿಲ್ಲ, ಕಪ್ಪಾಯಿತು. ಬಳ್ಳಾರಿಯ ಆಸ್ಪತ್ರೆಗೆ ಸೇರುವಷ್ಟರಲ್ಲಿ ಪಾದ ಉಳಿಸುವ ಹಾಗಿರಲಿಲ್ಲ. ತೆಗೆದರು.

ಕುರುಗೋಡಿನಿಂದ ತಂಗಿ ಚನ್ನವೀರಮ್ಮ ಓಡಿ ಬಂದಳು. ಅಕ್ಕನ ಹಾಸಿಗೆಯ ತುದಿಯಲ್ಲಿ ಹೊದಿಕೆ ಒಂದು ಕಡೆ ಎದ್ದಿತ್ತು, ಪಾದವಿಲ್ಲದ ಕಡೆ ಚಪ್ಪಟೆಯಾಗಿತ್ತು. ಅತ್ತ ನೋಡಲಾರದೆ ಅವಳು ಕಿಟಕಿ ನೋಡುತ್ತ ಕುಳಿತಳು.

"ಚನ್ನಿ, ಇಲ್ಲಿ ನೋಡು," ಎಂದಳು ನೀಲಾವತಿ. "ನಾಕು ವರ್ಷದಿಂದ ಶುಗರ್ ಇತ್ತಂತ. ನನಗ ಗೊತ್ತ ಇಲ್ಲ. ಬಾಯಿ ಒಣಗತಿತ್ತು, ಕಾಲು ಮರಗಟ್ಟತಿತ್ತು, ವಯಸ್ಸಾತು ಅಂತ ಸುಮ್ನಾದೆ. ನಿನಗೂ ಹಂಗ ಆಗತೈತೆನು?"

"ಏ, ನನಗೇನಾಗೈತಿ? ಗುಂಡಕಲ್ಲ ಇದ್ದಂಗ ಅದೀನಿ."

"ಗುಂಡಕಲ್ಲನೂ ಒಡೀತೈತಿ. ನನ್ನ ಕೈ ಮ್ಯಾಲೆ ಕೈ ಇಟ್ಟು ಹೇಳು. ಗೌರಿ ಹುಣ್ಣಿವಿ ಒಳಗ ರಕ್ತ ಪರೀಕ್ಷಾ ಮಾಡಸ್ತಿ."

ಚನ್ನವೀರಮ್ಮ ಕೈ ಇಟ್ಟಳು. ಮಾತು ಕೊಟ್ಟಳು.

ಊರಿಗೆ ಬಂದ ಮೇಲೆ ಆ ಮಾತು ಎದೆಯ ಮೇಲಿನ ಕಲ್ಲಾಯಿತು. ಅವಳಿಗೂ ಬಾಯಿ ಒಣಗುತ್ತಿತ್ತು. ನಡು ರಾತ್ರಿ ಬಚ್ಚಲಿಗೆ ಏಳುತ್ತಿದ್ದಳು. ಮುಟ್ಟು ನಿಂತು ವರ್ಷವಾಗಿತ್ತು. ಮೈಯೆಲ್ಲ ಒಮ್ಮೆಲೇ ಬೆಂಕಿ, ಆಮೇಲೆ ಸುಸ್ತು. ಸುಸ್ತಿಗೆ ಚಹಾ, ಚಹಾಕ್ಕೆ ಮೂರು ಚಮಚ ಸಕ್ಕರೆ, ಕುಡಿದರೆ ಒಂದು ಗಳಿಗೆ ಜೀವ ಬಂದಂತೆ, ಮತ್ತೆ ಸುಸ್ತು. ಪರೀಕ್ಷೆ ಮಾಡಿಸಿದರೆ ರೋಗ ಬರುತ್ತದೆ, ಮಾಡಿಸದಿದ್ದರೆ ಇಲ್ಲ ಎಂಬಂತೆ ದಿನ ದೂಡಿದಳು. ಅಕ್ಕನಿಗಾಗಿ ಚಹಾದ ಸಕ್ಕರೆ ಮಾತ್ರ ಬಿಟ್ಟಳು. ಅಷ್ಟಕ್ಕೇ ಹರಕೆ ತೀರಿತೆಂದುಕೊಂಡಳು.

ಅಕ್ಕ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. ಕೊನೆಗೆ ಒಂದು ದಿನ ಚನ್ನವೀರಮ್ಮ ಹೇಳಿಬಿಟ್ಟಳು: "ಹೂಂ, ಮಾಡಿಸ್ದೆ. ಏನೂ ಇಲ್ಲಂತ."

 ಆ ಕಡೆಯಿಂದ ಮೂಗು ಏರಿಸಿದ ಸದ್ದು. "ಸದ್ಯ. ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದಾಕಿ ಒಬ್ಬಾಕಿರ ಉಳದ್ಲು."

ಹುಣ್ಣಿಮೆ ಹತ್ತಿರ ಬಂತು. ಅಂದು ಗೌರಿಗೆ ಬೆಳಗುವ ಸಕ್ಕರೆ ಗೊಂಬೆಗಳೇ ಸಕ್ಕರೆ ಆರತಿ; ಚನ್ನವೀರಮ್ಮನ ಕೈಯ ಆರತಿಗೆ ಕುರುಗೋಡಿನಲ್ಲಿ ಹೆಸರಿತ್ತು. ಪಾಕ ಕಾಯಿಸಿ, ಹಾಲು ಹಾಕಿ ಕೊಳೆ ತೆಗೆದು, ಕಟ್ಟಿಗೆಯ ಅಚ್ಚಿಗೆ ಹೊಯ್ದರೆ ಆನೆ, ಕುದುರೆ, ಗಿಳಿ, ತೇರು ಬೆಳ್ಳಗೆ ಎದ್ದು ಬರುತ್ತಿದ್ದವು. ಈ ವರ್ಷ ಮಗ ಅಮರೇಶನಿಗೆ ಹೆಣ್ಣು ಗೊತ್ತಾಗಿತ್ತು. ಬಳ್ಳಾರಿ ಸತ್ಯನಾರಾಯಣಪೇಟೆಯ ಬೀಗರ ಮನೆಗೆ ತಟ್ಟೆ ತುಂಬ ಗೊಂಬೆ ಹೋಗಬೇಕು. ಅಚ್ಚು ಬಿಚ್ಚುವಾಗ ಕೆಲವು ಮುರಿಯುತ್ತಿದ್ದವು. ಮುರಿದದ್ದನ್ನು ಗೌರಿಗೆ ಬೆಳಗುವಂತಿಲ್ಲ, ಬೀಗರಿಗೆ ಕಳಿಸುವಂತಿಲ್ಲ, ದೇವರ ಹೆಸರಲ್ಲಿ ಹೊಯ್ದದ್ದನ್ನು ಚೆಲ್ಲುವಂತೆಯೂ ಇಲ್ಲ. ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ಮುರಿದದ್ದೆಲ್ಲ ಮನೆಯಾಕೆಯ ಬಾಯಿಗೆ.

ಪಕ್ಕದ ಮನೆಯ ಫಕೀರಬಿ ಒಳಗೆ ಬಂದಳು. ಅವಳು ಆಶಾ ಕಾರ್ಯಕರ್ತೆ, ಚನ್ನವೀರಮ್ಮನ ಓರಗೆಯವಳು, ನಾಲಿಗೆ ಸ್ವಲ್ಪ ಚುರುಕು.

"ಏನವಾ ಚನ್ನವ್ವ, ದವಡಿ ಉಬ್ಬೇತಿ? ಹಲ್ಲು ನೋವೇನು?"

ಚನ್ನವೀರಮ್ಮ ನುಂಗಿಕೊಂಡು, "ಗಿಳಿ ಕುತ್ತಿಗಿ ಮುರೀತು," ಎಂದಳು.

"ಗಿಳೀದು ಮುರೀತು, ನಿಂದೂ ಮುರಕೋಬೇಕಂತಿಯೇನು? ಸಕ್ಕರಿ ಬಿಟ್ಟೀನಿ ಅಂತ ಓಣಿ ತುಂಬ ಡಂಗುರ ಹೊಡದಿ!"

"ಚಾದಾಗ ಬಿಟ್ಟೀನಲ್ಲ. ಇದು ಗೌರೀದು. ದೇವರದ್ದು ತಿಂದ್ರ ಏನಾಗತೈತಿ?"

"ಬಾಯಿಗೆ ದೇವರು ಗೊತ್ತು. ರಕ್ತಕ್ಕ ಸಕ್ಕರಿ ಒಂದ ಗೊತ್ತು."

ಜಗಲಿಯಲ್ಲಿದ್ದ ಗಂಡ ಗವಿಸಿದ್ದಪ್ಪ ನಕ್ಕ. "ಬಿಡವಾ ಫಕೀರಬಿ. ನಮ್ಮವ್ವ ಸಾಯೋತನಕ ಬೆಲ್ಲ ತಿಂದ್ಲು, ಏನಾತು? ಸಕ್ಕರಿ ಬ್ಯಾಡಂದ್ರ ಬೆಲ್ಲ ಹಾಕಿದ್ರಾತು."

"ಬೆಲ್ಲ ಸಕ್ಕರಿ ಅಣ್ಣ ತಮ್ಮ ಇದ್ದಂಗ್ರಿ ಅಣ್ಣಾರ. ಬಣ್ಣ ಬ್ಯಾರೆ, ಬುದ್ಧಿ ಒಂದ. ನಿಮ್ಮವ್ವ ದಿನಾ ಗದ್ದ್ಯಾಗ ಬಗ್ಗಿ ಸಸಿ ಹಚ್ಚತಿದ್ರು. ಇಕಿ ಎಲ್ಲಿ ಬಗ್ಗತಾಳ, ಟೀವಿ ಮುಂದನಾ?" ಆಮೇಲೆ ದನಿ ಇಳಿಸಿ ಚನ್ನವೀರಮ್ಮನ ಹತ್ತಿರ ಸರಿದಳು. "ಮುಟ್ಟು ನಿಲ್ಲೋ ಹೊತ್ತಿಗೆ ನಮ್ಮ ಮೈಯಾಗಿನ ಕಾವಲುಗಾರ ಒಬ್ಬ ಕೆಲಸ ಬಿಟ್ಟು ಹೋಗತಾನ. ತಿಂದ ಸಿಹಿ ಹೊಟ್ಟಿ ಸುತ್ತ ಕೂಡತೈತಿ, ರಕ್ತದಾಗ ಉಳೀತೈತಿ. ಹದಿನೆಂಟರಾಗ ತಿಂದಂಗ ಐವತ್ತರಾಗ ತಿನ್ನಾಕ ಬರಂಗಿಲ್ಲ. ಮನಿ ಮಂದಿ ಬಿಟ್ಟಿದ್ದು, ಮುರದಿದ್ದು, ಉಳದಿದ್ದು ಎಲ್ಲಾ ನಮ್ಮ ಹೊಟ್ಟಿಗೇ ಯಾಕ ಬರಬೇಕು, ನಾವೇನು ತಿಪ್ಪಿಯೇನು? ನಾಳಿ ಬಾ, ಪರೀಕ್ಷಾ ಮಾಡಸೂಣು."

"ಹುಣ್ಣಿವಿ ಮುಗೀಲಿ," ಎಂದಳು ಚನ್ನವೀರಮ್ಮ, ಅಚ್ಚಿನ ಕಡೆ ತಿರುಗಿ.

ಹುಣ್ಣಿಮೆಗೆ ಮೊದಲೇ ಸಿರುಗುಪ್ಪದಿಂದ ಫೋನ್ ಬಂತು. ನಂಜು ರಕ್ತಕ್ಕೆ ಏರಿ, ಮೂತ್ರಪಿಂಡ ಸೋತು, ನೀಲಾವತಿ ಹೋಗಿದ್ದಳು.

ಸಿರುಗುಪ್ಪದಲ್ಲಿ ಮಣ್ಣು ಮುಗಿಸಿ ಬಂದ ಹೆಂಗಸರು ಅಕ್ಕನ ಮನೆಯ ಅಂಗಳದಲ್ಲಿ ಕುಳಿತಿದ್ದರು. ಅಕ್ಕನ ಜೊತೆ ಕಣದಲ್ಲಿ ಬತ್ತ ತಿರುವುತ್ತಿದ್ದ ಮುದುಕಿಯೊಬ್ಬಳು ಚನ್ನವೀರಮ್ಮನ ಕೆನ್ನೆ ಸವರಿದಳು. "ನೀನ ಏನವಾ ಚನ್ನಿ? ಕಡೀತನಕ ನಿಂದ ಮಾತು. ‘ನಮ್ಮ ಚನ್ನಿಗೆ ಏನೂ ಇಲ್ಲಂತ, ನನ್ನ ಕಾಲು ಹೋದ್ರೂ ಅಕಿ ಪರೀಕ್ಷಾ ಮಾಡಿಸಿದ್ಲಲ್ಲ, ಅಷ್ಟ ಸಾಕು’ ಅಂತ ಬಂದವ್ರಿಗೆಲ್ಲಾ ಹೇಳತಿದ್ಲು."

ಚನ್ನವೀರಮ್ಮ ಎದ್ದು ಹಿತ್ತಲಿಗೆ ಹೋದಳು. ಅಳು ಬರಲಿಲ್ಲ. ಒಣಗಿದ ಬಾಯಿಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಸತ್ತವಳ ಹತ್ತಿರ ಸುಳ್ಳನ್ನು ವಾಪಸು ತೆಗೆದುಕೊಳ್ಳುವ ದಾರಿ ಯಾವುದಿದೆ? ಅಕ್ಕ ಕಾಲು ಕೊಟ್ಟು ಕಲಿಸಿದ ಪಾಠ ಅದು. ಅದನ್ನೇ ಅವಳು ಚೆಲ್ಲಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಗವಿಸಿದ್ದಪ್ಪ ಬೈಯಲಿಲ್ಲ.  ಊರು ಬರುವ ಮುಂಚೆ, "ನಾನ ನಕ್ಕೆ ಅವತ್ತು," ಎಂದ. ಇನ್ನೊಂದು ಸ್ವಲ್ಪ ದೂರ ಹೋದ ಮೇಲೆ, "ನಾಳಿಯಿಂದ ಮನ್ಯಾಗ ಎಲ್ರಿಗೂ ಒಂದ ಚಾ ಮಾಡು. ಸಕ್ಕರಿ ಇಲ್ಲದ್ದು. ನಿನಗೊಂದು ನಮಗೊಂದು ಬ್ಯಾಡ. ಅಮರೇಶಗೂ ಹೇಳತೀನಿ."

ಸೂತಕವೆಂದು ಆ ವರ್ಷ ಅವರ ಮನೆಯಿಂದ ಗೌರಿಗೆ ಆರತಿ ಹೋಗಲಿಲ್ಲ. ಕೊಟ್ಟ ಗಡುವೂ ದಾಟಿ ಹೋಯಿತು. ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಚನ್ನವೀರಮ್ಮ ಏನೂ ತಿನ್ನದೆ, ಚಹಾ ಕುಡಿಯದೆ, ಫಕೀರಬಿಯ ಬಾಗಿಲು ಬಡಿದಳು. ಹಿಂದೆ ಗವಿಸಿದ್ದಪ್ಪ ನಿಂತಿದ್ದ.

"ನನಗ ಅಂಜಿಕಿ ಬರಾಕತ್ತೈತಿ," ಎಂದಳು ಚನ್ನವೀರಮ್ಮ.

"ಬರಲಿ. ಅದನ್ನೂ ಕರಕೊಂಡ ನಡಿ," ಎಂದು ಫಕೀರಬಿ ಚಪ್ಪಲಿ ಮೆಟ್ಟಿದಳು. "ಬರಿಗಾಲಾಗ ಬ್ಯಾಡ, ನೀನೂ ಮೆಟ್ಟಿಕೋ."

ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೈ ಚಾಚಲು ಹೇಳಿದರು. ಚನ್ನವೀರಮ್ಮ ಈ ಸಲ ಕಿಟಕಿ ನೋಡಲಿಲ್ಲ. ಸೂಜಿ ಚುಚ್ಚಿತು. ಬಂದ ಅಂಕಿ ಒಳ್ಳೆಯದಾಗಿರಲಿಲ್ಲ. ಸಕ್ಕರೆ ಕಾಯಿಲೆ ಹೆಚ್ಚೇ ಇತ್ತು. ವೈದ್ಯರು ಪಾದಗಳನ್ನು ಒತ್ತಿ ನೋಡಿದರು. ಎಡಗಾಲ ಬೆರಳಿನಲ್ಲಿ ಸ್ಪರ್ಶ ಮಂದವಾಗಿತ್ತು, ಆದರೆ ಗಾಯ ಇರಲಿಲ್ಲ. ಮಾತ್ರೆ ಬರೆದುಕೊಟ್ಟರು. "ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು," ಎಂದರು. ಅಕ್ಕನಿಗೆ ಕೊಟ್ಟ ಮಾತು, ಅಕ್ಕ ಇಲ್ಲದ ಮೇಲೆ, ಆ ಬೆಳಿಗ್ಗೆ ನಡೆಯಿತು.

ಅಕ್ಕಂದಿರೇ, ತಂಗಿಯರೇ, ನಲವತ್ತು ದಾಟಿದ್ದೀರಾ? ಮುಟ್ಟು ಏರುಪೇರಾಗುತ್ತಿದೆಯೇ, ನಿಂತಿದೆಯೇ? ಇಂದಿನಿಂದಲೇ ಸಿಹಿಯ ಕೈ ಬಿಗಿ ಮಾಡಿರಿ. ಚಹಾದ ಸಕ್ಕರೆ ದಿನ ದಿನಕ್ಕೆ ಇಳಿಸಿರಿ. ಬೆಲ್ಲ, ಜೇನು, ಬಿಸ್ಕತ್ತು, ಬಾಟಲಿಯ ತಂಪು ಪಾನೀಯ, ಪ್ರಸಾದದ ನೆಪ, ಇವೆಲ್ಲ ಲೆಕ್ಕಕ್ಕೆ ಸೇರುತ್ತವೆ. ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಪಲ್ಯ, ಕಾಳು ಹೆಚ್ಚಿಸಿರಿ. ದಿನಾ ನಡೆಯಿರಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಬಾಯಿ ಒಣಗುವುದು, ಕಾಲು ಮರಗಟ್ಟುವುದು ವಯಸ್ಸಿನ ಆಟವೆಂದು ಸುಮ್ಮನಾಗಬೇಡಿರಿ.

ಮನೆಯವರೇ, ಆಕೆ ಒಬ್ಬಳೇ ಸಿಹಿ ಬಿಡಲಾರಳು. ನೀವೂ ಬಿಡಿರಿ. ನಾಳೆ ಬೆಳಿಗ್ಗೆ ಆಕೆಯ ಜೊತೆ ಆರೋಗ್ಯ ಕೇಂದ್ರದವರೆಗೆ ನಡೆದು ಹೋಗಿರಿ.