ಹಗ್ಗ ಹಿಡಿದ ಊರು

ಎಂಟು ವರ್ಷಗಳ ಮೇಲೆ ನಾರಿಯಾನಾ ತವರಿಗೆ ಹೊರಟಿದ್ದಳು, ಗಂಡನನ್ನು ಮೊದಲ ಸಲ ಕರೆದುಕೊಂಡು. ಯಾಕೂಟ್ಸ್ಕ್ ಪೇಟೆಯಲ್ಲೇ ಹುಟ್ಟಿ ಬೆಳೆದ ಮಿಚಿಲ್ ದಾರಿಯುದ್ದಕ್ಕೂ ಅವಳ ಕಾಲೆಳೆಯುತ್ತಲೇ ಜೀಪು ಓಡಿಸಿದ.

"ಏನೇ, ನಿಮ್ಮೂರು ಇನ್ನೂ ಇದೆಯಾ, ಇಲ್ಲಾ ತೋಳಗಳು ತಿಂದ್ಬಿಟ್ವಾ?"

"ಬಾಯ್ಮುಚ್ಕೊಂಡು ದಾರಿ ನೋಡು."

ಹೆಪ್ಪುಗಟ್ಟಿದ ಯಾನಾ ನದಿಯ ಆಚೆ ದಡದಲ್ಲಿ ಮನೆಗಳ ಹೊಗೆ ಕಂಡಿತು. ಗಾಡಿ ಮಂಜುಗಡ್ಡೆಯ ಮೇಲೆ ನದಿ ದಾಟುತ್ತಿದ್ದಂತೆ ಅದು ಬಿರಿದು ಜೀಪಿನ ಮೂತಿ ನೀರಿಗಿಳಿಯಿತು. ಇಬ್ಬರೂ ಹೊರಗೆ ಹಾರಿದರು.

"ಮುಗೀತು. ಈ ಚಳೀಲಿ ಯಾರು ಬರ್ತಾರೆ?" ಎಂದ ಮಿಚಿಲ್.

ನಾರಿಯಾನಾ ಬಾಯಿಯ ಎರಡೂ ಬದಿಗೆ ಕೈ ಹಿಡಿದು ಊರಿನವರು ಕೂಗುವ ರೀತಿಯಲ್ಲೇ ಕೂಗಿದಳು. ತನ್ನ ದನಿ ಅವರಿಗೆ ಇನ್ನೂ ನೆನಪಿದೆಯೋ ಇಲ್ಲವೋ ಎಂದು ಒಳಗೇ ಅಳುಕು.

ಬಾಗಿಲುಗಳು ತೆರೆದವು. ಅಂಗಡಿಯಾಕೆ ಬೀಗ ಜಡಿದು ಬಂದಳು, ಶಾಲೆಗೆ ಶಾಲೆಯೇ ಬಂತು. ಹಲಗೆ, ಹಾರೆ, ಉದ್ದನೆಯ ಹಗ್ಗ. ಗಾಡಿ ಯಾರದೆಂದು ಒಬ್ಬರೂ ಕೇಳಲಿಲ್ಲ. ಹಿಂದೆಯೇ ತುಪ್ಪಳದ ಬೂಟು ಎಳೆಯುತ್ತ ಅವಳ ತಾಯಿ ಫ್ಯೋಕ್ಲಾ ಬಂದಳು.

"ಅಳಿಯಂದ್ರೇ, ನಮ್ಮನೆ ಈ ಕಡೆ. ನೀವ್ಯಾಕೆ ಮೀನುಗಳ ಮನೆಗೆ ಹೊರಟ್ರಿ?"

ಎಲ್ಲರೂ ಗೊಳ್ಳೆಂದರು. ಜೀಪಿನ ಹಿಂಬದಿಗೆ ಹಗ್ಗ ಬಿಗಿದು ಜಗ್ಗಿದರು. ಹಗ್ಗ ತುಂಡಾಗಿ ಇಡೀ ಊರು ಒಬ್ಬರ ಮೇಲೊಬ್ಬರಂತೆ ಬಿದ್ದಿತು. ಆಗ ಮಿಚಿಲ್, ಯಾರೂ ಹೇಳದಿದ್ದರೂ, ಬಿರುಕು ಬಿಡುತ್ತಿದ್ದ ಮಂಜುಗಡ್ಡೆಯ ಮೇಲೆ ಬೋರಲಾಗಿ ತೆವಳಿ ಹೋಗಿ, ಕೈಗವಸು ಕಿತ್ತೆಸೆದು ಹೊಸ ಗಂಟು ಹಾಕಿದ. ವಾಪಸು ಬಂದವನು ನೀರಿಗೆ ಎಲ್ಲರಿಗಿಂತ ಹತ್ತಿರದ ಜಾಗದಲ್ಲೇ ನಿಂತು ಹಗ್ಗ ಹಿಡಿದ.

"ಪೇಟೆಯವನಾದ್ರೂ ಗಂಡಸು ಕಣೇ," ಅಂಗಡಿಯಾಕೆ ನಾರಿಯಾನಾಳನ್ನು ತಿವಿದಳು.

ಜೀಪು ನೀರು ಸುರಿಸುತ್ತ ಮೇಲೆ ಬಂತು.

ಮನೆಯಲ್ಲಿ ಫ್ಯೋಕ್ಲಾ ಊರಿನ ಪದ್ಧತಿಯಂತೆ ಮೊದಲು ಒಲೆಯ ಬೆಂಕಿಗೆ ಬೆಣ್ಣೆ ಉಣಿಸಿ ಅಳಿಯನನ್ನು ಒಳಗೆ ಕರೆದಳು. ಊದಿಕೊಂಡ ಬೆರಳುಗಳಲ್ಲಿ ಮೀನಿನ ತುಂಡು ಹಿಡಿದು ಮಿಚಿಲ್ ಅತ್ತೆಯ ಕಡೆ ತಿರುಗಿದ.

"ನಮ್ಮ ಬೀದೀಲಾಗಿದ್ರೆ ಕಿಟಕೀಲಿ ನಿಂತು ನೋಡ್ತಿದ್ರು ಅಷ್ಟೆ. ಇವ್ರ ಋಣ ಹೇಗೆ ತೀರ್ಸೋದು, ಅತ್ತೆ?"

"ನಾಳೆ ಎಲ್ಲರ ಮನೇಲೂ ಚಹಾ ಕುಡೀರಿ. ಒಂದು ಮನೆ ಬಿಟ್ರೂ ಮುನಿಸ್ಕೋತಾರೆ."

ಮರುದಿನ ನಾರಿಯಾನಾ ತಲೆಯೆತ್ತಿ ಮುಂದೆ ನಡೆದಳು. ಹೊಸ್ತಿಲು ಹೊಸ್ತಿಲಿಗೂ "ಇವ್ರೇ ನಮ್ಮನೆಯವ್ರು" ಎನ್ನುವಾಗ ಅವಳ ದನಿ ಇನ್ನಷ್ಟು ಏರುತ್ತಿತ್ತು. ಗಂಡನಿಗೆ ಊರನ್ನು ತೋರಿಸುತ್ತಿದ್ದಾಳೋ, ಊರಿಗೆ ಗಂಡನನ್ನೋ, ಅವಳಿಗೇ ತಿಳಿಯಲಿಲ್ಲ. ಸಾಕಪ್ಪಾ ಎಂದು ಮಿಚಿಲ್ ಬಟ್ಟಲು ಬೋರಲು ಹಾಕುವ ಹೊತ್ತಿಗೆ ಇನ್ನೂ ಅರ್ಧ ಊರು ಬಾಕಿಯಿತ್ತು.