ಬೀಗವಿಲ್ಲದ ಲೆಕ್ಕ

ಬಟ್ಟೆ ಒಣಹಾಕಿ ಒಳಗೆ ಬಂದರೆ ಮಗಳು ಊಟದ ಮೇಜಿನ ಮುಂದೆ ಬಿಳಿಚಿಕೊಂಡು ಕೂತಿದ್ದಳು. ಕೊಟ್ಟಿದ್ದ ಹಾಲು ಆರಿ ಕೆನೆ ಕಟ್ಟಿತ್ತು.

"ತಪ್ಪು ಬಂತಮ್ಮಾ. ಇಷ್ಟು ದಿನ ಸರಿಯಾಗಿದ್ದದ್ದು ಇವತ್ತು ತಪ್ಪು ಬಂತು."

ಅವಳ ಸಂಶೋಧನೆ ನನಗೆ ಅರ್ಥವಾಗಿದ್ದು ಇಷ್ಟು. ಕ್ಯಾನ್ಸರ್ ರೋಗಿಯ ಮೈಗೆ ಎಷ್ಟು ವಿಕಿರಣ ತಾಗುತ್ತದೆಂಬ ದೊಡ್ಡ ಲೆಕ್ಕವನ್ನು ಅವಳ ಪ್ರೋಗ್ರಾಂ ಚೂರು ಮಾಡಿ ನೂರಾರು ಕಂಪ್ಯೂಟರುಗಳಿಗೆ ಹಂಚುತ್ತದೆ. ಎಲ್ಲವೂ ಒಟ್ಟಿಗೆ ದುಡಿದು, ತಂತಮ್ಮ ಪಾಲನ್ನು ಒಂದೇ ಮೊತ್ತಕ್ಕೆ ಸೇರಿಸುತ್ತವೆ. ಒಂದು ಸೇರಿಸುವಾಗ ಇನ್ನೊಂದು ಕೈಹಾಕದಂತೆ ಹಳೆಯ ಪದ್ಧತಿಯಲ್ಲಿ ಬೀಗವಿರುತ್ತಿತ್ತು. ಉಳಿದವೆಲ್ಲ ಸಾಲಿನಲ್ಲಿ ಕಾಯಬೇಕು. ಬೀಗವೇ ಇಲ್ಲದೆ, ಕಾಯದೆ ಬೇಗ ಕೆಲಸ ಸಾಗಿಸುವ ಉಪಾಯ ಇವಳದು. ಮಧ್ಯಾಹ್ನ ಸಮಿತಿಯವರು ಒಪ್ಪಿದರೆ ಇವಳಿಗೆ ಡಾಕ್ಟರೇಟು, ಪ್ರೋಗ್ರಾಂ ನೇರ ಆಸ್ಪತ್ರೆಗೆ.

"ತಪ್ಪಾದ್ರೆ ಏನಾಗುತ್ತೆ ಪುಟ್ಟಿ?"

"ಎರಡು ಕಂಪ್ಯೂಟರು ಒಂದೇ ಹೊತ್ತಿಗೆ ಮೊತ್ತ ನೋಡಿ ತಮ್ಮ ಪಾಲು ಸೇರಿಸಿ ಬರೆದ್ರೆ, ಎರಡನೇದು ಬರೆದದ್ದು ಮೊದಲನೇದು ಬರೆದದ್ದನ್ನ ಅಳಿಸಿಬಿಡುತ್ತೆ. ವಿಕಿರಣ ಕಡಿಮೆ ಅಂತ ತೋರಿಸುತ್ತೆ. ಡಾಕ್ಟರು ಇನ್ನಷ್ಟು ಕೊಡ್ತಾರೆ."

ನನ್ನ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಇಟ್ಟೆ.

ಅವಳು ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರಿಗೆ ಫೋನು ಮಾಡಿದಳು. "ನೀನೇ ಏನೋ ತಪ್ಪು ಅಂಕಿ ಕೊಟ್ಟಿರ್ತೀಯ. ಮದುವೆ ದಿನ ಕೊಂಕು ತೆಗೆದ ಹಾಗೆ ಇವತ್ತೇ ಶುರುಮಾಡ್ಬೇಡ," ಎಂದು ಗದರಿ ಅವರು ಇಟ್ಟುಬಿಟ್ಟರು.

ಮಧ್ಯಾಹ್ನ ಸಮಿತಿಯ ಮೂವರು ಪರದೆಯ ಮೇಲೆ ಬಂದರು. ನಾನೂ ನಮ್ಮ ಯಜಮಾನರೂ ಅಡುಗೆಮನೆ ಬಾಗಿಲಲ್ಲಿ ನಿಂತೆವು. ಅವಳು ನಮಸ್ಕಾರ ಹೇಳಿದ ಉಸಿರಿನಲ್ಲೇ, "ಸರ್, ಇದು ಒಮ್ಮೊಮ್ಮೆ ತಪ್ಪು ಲೆಕ್ಕ ಕೊಡುತ್ತೆ," ಅಂದಳು.

ಇವರು ನನ್ನ ಕಿವಿಯಲ್ಲಿ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳೊಬ್ಬಳೇ ನೋಡು, ತಾನು ಹೆತ್ತದ್ದನ್ನ ಹೆಗ್ಗಣ ಅಂತ ಸಾರ್ತಿರೋದು," ಅಂದರು.

"ಎಲ್ಲಿ, ತೋರಿಸು," ಅಂದರು ಸಮಿತಿಯ ಹಿರಿಯರು. "ಪ್ರತಿ ಹೆಜ್ಜೆಯನ್ನೂ ಪರದೆ ಮೇಲೆ ಬರೆಯೋ ಹಾಗೆ ಮಾಡು. ಎಲ್ಲಿ ತಪ್ಪುತ್ತೆ ನೋಡೇಬಿಡೋಣ."

"ಬರೆಯೋಕೆ ಹೇಳಿದ್ರೆ ತಪ್ಪೋದೇ ಇಲ್ಲ ಸರ್! ಬರೆಯೋ ಜಾಗ ಒಂದೇ. ಅದಕ್ಕೋಸ್ಕರ ಕಂಪ್ಯೂಟರುಗಳು ಒಂದರ ಹಿಂದೊಂದು ನಿಲ್ತವೆ. ನುಗ್ಗಾಟ ಇಲ್ಲ, ತಪ್ಪೂ ಇಲ್ಲ."

"ಅಂದ್ರೆ ನಾವು ನೋಡ್ತಿದ್ರೆ ಸರಿ, ನೋಡದಿದ್ರೆ ತಪ್ಪು. ನಮ್ಮ ಮೊಮ್ಮಗನ ಥರ!"

ಎಲ್ಲರೂ ನಕ್ಕರು. ಅವರು ಹೇಳಿದಂತೆಯೇ ಪ್ರೋಗ್ರಾಂ ಓಡಿಸಿದಳು. ಉತ್ತರ ಸರಿ ಬಂತು. ಬರಹ ತೆಗೆದು ಓಡಿಸಿದಳು. ಹಾಳಾದ್ದು, ಆಗಲೂ ಸರಿ ಬಂತು.

"ಇನ್ನೊಂದು ಸಲ ಸರ್, ದಯವಿಟ್ಟು."

"ಸಾಕಮ್ಮಾ. ಗೆದ್ದಿದ್ದೀಯ. ಸಂಜೆಯೊಳಗೆ ಆಸ್ಪತ್ರೆಗೆ ಕಳಿಸಿಬಿಡು."

ಪರದೆ ಕಪ್ಪಾಯಿತು. ಅವಳು ಓಡಿಸುತ್ತಲೇ ಇದ್ದಳು. ಸರಿ, ಸರಿ, ಸರಿ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು.

"ಮತ್ತೆ ತಪ್ಪು ಬಂತಮ್ಮಾ."

ಯಾರಿಗೆ ತೋರಿಸುವುದು? ಮೇಷ್ಟ್ರ ಫೋನು ಸ್ವಿಚ್ ಆಫ್ ಆಗಿತ್ತು. ಆಮೇಲೆ ಅವಳು ಕೂತು, ತನ್ನ ಕೈಯಾರೆ ಆ ಹಳೆಯ ಬೀಗವನ್ನು ಪ್ರೋಗ್ರಾಮಿನೊಳಗೆ ಹಾಕಿ, ಅದನ್ನೇ ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರೇ ಫೋನು ಮಾಡಿದರು. ಅವರ ಕೂಗು ನನಗೂ ಕೇಳಿಸುತ್ತಿತ್ತು.

"ಹಳೇದರಷ್ಟೇ ನಿಧಾನ ಆಗಿದೆಯಲ್ಲ! ಆಸ್ಪತ್ರೆಯವರು ಬೇಡ ಅಂತಿದ್ದಾರೆ. ಏನು ಮಾಡ್ದೆ?"

"ಬೀಗ ಹಾಕ್ದೆ ಸರ್."

"ಹಾಗಾದ್ರೆ ನಿನ್ನ ಸಂಶೋಧನೆ ಅಂತ ಏನುಳೀತು?"

ಅತ್ತ ಫೋನಿಟ್ಟ ಮೇಲೂ ಇವಳು ಕಿವಿಗೆ ಹಿಡಿದೇ ಇದ್ದಳು. ನಾನೇ ಅದನ್ನು ಬಿಡಿಸಿಕೊಂಡು ಪಕ್ಕದಲ್ಲಿ ಕೂತೆ.

"ಬೇರೆ ದಾರಿ ಏನಾದ್ರೂ ಇರುತ್ತೆ ಕಂದಾ."

"ಹುಡುಕ್ದೆನಮ್ಮಾ, ಸಿಗಲಿಲ್ಲ," ಅಂದಳು. ಅವಳ ತಲೆಯ ಇಡೀ ಭಾರ ನನ್ನ ಹೆಗಲಿಗೆ ಬಂತು.