ಕತ್ತಿಯಿಲ್ಲದ ಕೈ

ಏಪ್ರಿಲ್ ತಿಂಗಳ ಕೊನೆಯ ಭಾನುವಾರ ಸೆಪ್ಪೆಟೋನಿ ತನ್ನ ಅಪ್ಪನ ಕತ್ತಿಯನ್ನು ಸೊಂಟಕ್ಕೆ ಬಿಗಿದುಕೊಳ್ಳುವಾಗ ಪಟ್ಟಿಯ ಕೊಂಡಿ ಹಾಕಿಕೊಡುವುದು ಹೆಂಡತಿ ಅಗಾಥಾಳ ಕೆಲಸ. ಮದುವೆಯಾದಾಗಿನಿಂದಲೂ ಅಷ್ಟೇ. ಗಂಡನ ಹೊಟ್ಟೆ ಬೆಳೆದಂತೆಲ್ಲ ಆ ಪಟ್ಟಿಗೆ ಹೊಸ ತೂತು ಕೊರೆದವಳೂ ಅವಳೇ. ಆ ಕತ್ತಿಯಿಂದ ಯಾರೂ ಏನನ್ನೂ ಕಡಿದಿರಲಿಲ್ಲ. ಅಪೆನ್ಜೆಲ್ ಪೇಟೆಯ ಚೌಕದಲ್ಲಿ ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಕೈ ಎತ್ತಲು ಗಂಡಸಿಗೆ ಅದೇ ಗುರುತು. ಕತ್ತಿ ಇದ್ದವನಿಗೆ ಮತ.

ಈ ಸಲ ಅಗಾಥಾಳ ಕೋಟಿನ ಜೇಬಿನಲ್ಲೂ ಒಂದು ಗುರುತಿತ್ತು. ಅಂಚೆಯಲ್ಲಿ ಬಂದ ರಟ್ಟಿನ ಚೀಟಿ. ಹಿಂದಿನ ವರ್ಷ ಅದೇ ಚೌಕದಲ್ಲಿ ಗಂಡಸರು, ಹೆಂಗಸರಿಗೆ ಮತ ಬೇಡವೆಂದು ಕೈ ಎತ್ತಿದ್ದರು. ಸೆಪ್ಪೆಟೋನಿಯ ಕೈಯೂ ಅದರಲ್ಲಿತ್ತು. ಆಮೇಲೆ ದೇಶದ ದೊಡ್ಡ ನ್ಯಾಯಾಲಯ ಆ ಮಾತು ನಡೆಯುವುದಿಲ್ಲವೆಂದಿತು.

"ನೀವೂ ಬನ್ನಿ ಅಮ್ಮಾ," ಎಂದಳು ಅಗಾಥಾ, ಒಲೆಯ ಪಕ್ಕ ಕೂತಿದ್ದ ಅತ್ತೆಗೆ.

"ನಾನ್ಯಾಕೆ? ಸಭೆ ಮುಗಿಸಿ ಬರೋ ಗಂಡಸರು ಮನೇಲಿರೋ ಹೆಂಗಸರಿಗೆ ಸಿಹಿ ಕ್ರೆಂಪ್ಫ್ಲಿ ತರ್ತಾರೆ. ಎಲ್ಲರೂ ಹೋಗಿ ಅಲ್ಲೇ ನಿಂತ್ರೆ ಅದನ್ನ ತಿನ್ನೋರು ಯಾರು?"

"ಬಾಯಿ ಚಪಲ ಅನ್ನು," ಎಂದು ಸೆಪ್ಪೆಟೋನಿ ನಕ್ಕ.

"ಹೌದಪ್ಪಾ. ನಿಮ್ಮಪ್ಪ ಬದುಕಿರೋವರೆಗೂ ನಾನು ಕೇಳದೇನೇ ತಂದುಕೊಟ್ಟಿದ್ದು ಅದೊಂದೇ."

ದಾರಿಯುದ್ದಕ್ಕೂ ಸೆಪ್ಪೆಟೋನಿ ಲವಲವಿಕೆಯಿಂದಿದ್ದ. ಕಣಿವೆಯ ಖರ್ಚುವೆಚ್ಚ ನೋಡುವ ಸಮಿತಿಯಲ್ಲಿ ಅವನಿದ್ದ. ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಮುಚ್ಚಬೇಕೆಂದು ಸಮಿತಿ ಸಭೆಯ ಮುಂದಿಟ್ಟಿತ್ತು. ಚಳಿಗಾಲವಿಡೀ ಅವನು ಹೆಂಡದಂಗಡಿಯಲ್ಲಿ ಅದನ್ನೇ ವಾದಿಸಿದ್ದ. ಗುಡ್ಡದಾಚೆ ದೊಡ್ಡ ಪಟ್ಟಣವಿದೆ, ದೊಡ್ಡ ಆಸ್ಪತ್ರೆಯಿದೆ, ರಸ್ತೆಯಿದೆ. ಹಿಮ ಬಿದ್ದಾಗ ಏನು ಗತಿ ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಒಂದು ಕತೆ ಸಿದ್ಧವಿರುತ್ತಿತ್ತು.

"ನಮ್ಮ ರೆಗೂಲಾ ಹುಟ್ಟಿದಾಗ ಇಲ್ಲಿ ಯಾವ ಕೋಣೆ ಇತ್ತು? ಈ ಕೋಬಿಯ ಹಾಲಿನ ಲಾರೀಲೇ ಹುಟ್ಟಿದ್ಳು, ಕ್ಯಾನುಗಳ ಮಧ್ಯೆ. ಮೊದಲು ಕೂಗಿದ್ದು ತಾಯಿನೋ, ಮಗೂನೋ, ಕೋಬಿಯ ಬ್ರೇಕೋ, ಇವತ್ತಿಗೂ ಗೊತ್ತಿಲ್ಲ!"

ಎಲ್ಲರೂ ಮೇಜು ಬಡಿದು ನಗುತ್ತಿದ್ದರು. ಆ ಮೇಜಿನಲ್ಲಿದ್ದಾಗಲೆಲ್ಲ ಅಗಾಥಾಳೂ ನಕ್ಕಿದ್ದಳು. ನಗದೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಚೌಕದ ಸುತ್ತ ಹಗ್ಗ ಕಟ್ಟಿದ್ದರು. ಒಳಗೆ ಹೋಗುವಲ್ಲಿ ಕೋಬಿಯೇ ಸಿಕ್ಕಿದ, ಬಾಯಲ್ಲಿ ಪೈಪು, ಸೊಂಟದಲ್ಲಿ ಕತ್ತಿ.

"ಏನಮ್ಮಾ ಅಗಾಥಾ, ನಿನ್ನ ಕತ್ತಿ ಎಲ್ಲಿ? ಕಸೂತಿ ಸೂಜಿನಾದ್ರೂ ತಂದಿದೀಯಾ?"

"ತಂದಿದೀನಿ. ನಿನ್ನ ಬಾಯಿ ಹೊಲೀಬೇಕಾದ್ರೆ ಬೇಕಾಗುತ್ತಲ್ಲ."

ಸೆಪ್ಪೆಟೋನಿಗೂ ನಗು ಬಂತು. ಅವಳ ತೋಳು ಹಿಡಿದು ಒಳಗೆ ಕರೆದೊಯ್ದ. "ನನ್ನ ಪಕ್ಕದಲ್ಲೇ ನಿಲ್ಲು. ನಾನು ಎತ್ತಿದಾಗ ಎತ್ತು, ಸಾಕು. ಎಣಿಕೆ ಆಗೋವರೆಗೂ ಮಾತ್ರ ಇಳಿಸಬೇಡ. ಹೊಸಬರು ಬೇಗ ಇಳಿಸಿ ಕೆಡಿಸ್ತಾರೆ."

ಅವಳು ಎಷ್ಟೋ ವರ್ಷ ಈ ಚೌಕವನ್ನು ಅದರ ಅಂಚಿನ ಮನೆಯೊಂದರ ಮಹಡಿಯ ಕಿಟಕಿಯಿಂದ ನೋಡಿದ್ದಳು. ಮೇಲಿನಿಂದ ಕೈಗಳು ಮಾತ್ರ ಕಾಣುತ್ತಿದ್ದವು, ಯಾರದೆಂದು ತಿಳಿಯುತ್ತಿರಲಿಲ್ಲ. ಒಳಗೆ ನಿಂತಾಗ ಗೊತ್ತಾಯಿತು, ಇಲ್ಲಿ ಪ್ರತಿ ಕೈಗೂ ಒಂದು ಮುಖವಿದೆ. ಪರದೆಯಿಲ್ಲ, ಪೆಟ್ಟಿಗೆಯಿಲ್ಲ. ನ್ಯಾಯಾಲಯ ಅವಳಿಗೆ ಮತವನ್ನು ಕೊಟ್ಟಿತ್ತು. ಅದನ್ನು ಗಂಡನ ಭುಜಕ್ಕೆ ಭುಜ ತಾಗಿಸಿ ನಿಂತು ಎತ್ತುವ ಧೈರ್ಯವನ್ನು ಅಂಚೆಯಲ್ಲಿ ಕಳಿಸಿರಲಿಲ್ಲ.

ಹೆರಿಗೆ ಕೋಣೆಯ ಸರದಿ ಬಂತು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಸಮಿತಿಯ ಮಾತಿಗೆ ಒಪ್ಪುವವರು ಕೈ ಎತ್ತಬೇಕೆಂದರು. ಸೆಪ್ಪೆಟೋನಿಯ ಕೈ ಮೇಲೇರಿತು. ಅದರ ಜೊತೆಗೇ ಅಗಾಥಾಳ ಕೈಯೂ ತಂತಾನೇ ಭುಜದವರೆಗೆ ಎದ್ದಿತು. ಅವಳಿಗೇ ದಿಗಿಲಾಗಿ, ತಲೆಯ ಬಟ್ಟೆ ಸರಿಮಾಡಿಕೊಳ್ಳುವವಳಂತೆ ಅದನ್ನು ಹಾಗೇ ಕಿವಿಯ ಹತ್ತಿರ ಒಯ್ದಳು. ಒಪ್ಪದವರು ಎತ್ತಬೇಕೆಂದಾಗ ಅದು ಜೇಬು ಸೇರಿತ್ತು.

ಇಲ್ಲಿ ಎಣಿಕೆಯೆಂದರೆ ಕಣ್ಣಳತೆ. ವೇದಿಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಕಡೆ ಹೆಚ್ಚೆಂದು ಹೇಳಲಾಗದು, ಮತ್ತೊಮ್ಮೆ ಎತ್ತಿ ಎಂದರು.

ಮತ್ತೊಮ್ಮೆ. ಜೇಬಿನಲ್ಲಿ ಬೆರಳುಗಳು ಚೀಟಿಯ ಅಂಚನ್ನು ಹಿಡಿದಿದ್ದವು. ಅವತ್ತು ಲಾರಿಯ ಕತ್ತಲಲ್ಲಿ ಅವು ಹಾಲಿನ ಕ್ಯಾನಿನ ಹಿಡಿಯನ್ನು ಹೀಗೇ ಹಿಡಿದಿದ್ದವು. ತಣ್ಣನೆಯ ಹಿಡಿ. ಹೊರಗೆ ಗಂಡಸರಿಬ್ಬರೂ ಚಕ್ರಕ್ಕೆ ಕಟ್ಟಿಕೊಂಡ ಹಿಮ ತೋಡುತ್ತಿದ್ದ ಸದ್ದು. ಅವರಿಗೆ ಕೇಳಿಸಿ ಕೆಲಸ ನಿಂತೀತೆಂದು ಅವಳು ಶಾಲನ್ನು ಹಲ್ಲಿನಲ್ಲಿ ಕಚ್ಚಿದ್ದಳು.

"ಒಪ್ಪದವರು."

ಅಗಾಥಾ ಕೈ ಎತ್ತಿದಳು. ಕಿವಿಯ ಹತ್ತಿರ ಅಲ್ಲ, ಪೂರ್ತಿ.

ಸೆಪ್ಪೆಟೋನಿ ಬಗ್ಗಿ ಪಿಸುಗುಟ್ಟಿದ. "ಏ, ಇದು ಬೇಡ ಅನ್ನೋರ ಸರದಿ. ತಪ್ಪು ಎತ್ತಿದೀಯ."

"ಗೊತ್ತು."

"ಕೋಬಿ ನೋಡ್ತಿದಾನೆ. ಇಳಿಸು."

"ಎಣಿಕೆ ಆಗೋವರೆಗೂ ಇಳಿಸಬೇಡ ಅಂದೋನು ನೀನೇ."

ತೋಳು ಸೋಲತೊಡಗಿದಾಗ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟಳು. ಕಡೆಗೆ ಅಧ್ಯಕ್ಷರು ಹೇಳಿದರು. ಸಮಿತಿ ಗೆದ್ದಿತ್ತು, ಕೂದಲೆಳೆಯಷ್ಟರಲ್ಲಿ. ಕೋಣೆ ಮುಚ್ಚುತ್ತದೆ.

ಅವಳಿಗೆ ಅಳು ಬರಲಿಲ್ಲ. ತನ್ನ ಮೊದಲ ಸುತ್ತಿನ ಕೈ ಜೇಬಿನಲ್ಲಿದ್ದುದು ಮಾತ್ರ ಮುಳ್ಳಿನಂತೆ ಚುಚ್ಚಿತು. ಇನ್ನೆಷ್ಟು ಹೆಂಗಸರ ಕೈಗಳು ಎರಡೂ ಸುತ್ತಿನಲ್ಲಿ ಜೇಬಿನಲ್ಲೇ ಉಳಿದವೋ.

ಚೌಕದ ಅಂಚಿನ ಅಂಗಡಿಯಲ್ಲಿ ಅವಳು ಅತ್ತೆಗೆಂದು ಕ್ರೆಂಪ್ಫ್ಲಿ ಕೊಂಡಳು. ಗಂಡ ಕೊಳ್ಳುವಂತೆ ಕಾಣಲಿಲ್ಲ. ಹೆಂಡದಂಗಡಿಯಲ್ಲಿ ಅವನು ಕತ್ತಿಯನ್ನೂ ಬಿಚ್ಚದೆ ಲೋಟದೆದುರು ಕೂತ.

"ಗೆದ್ದೋನ ಮುಖ ಹಿಂಗಿರುತ್ತೇನೋ?" ಎಂದ ಕೋಬಿ. ಯಾರೂ ನಗದೆ ಹೋದಾಗ ಮಾತು ಹೊರಳಿಸಿದ. "ಇರ್ಲಿ, ಆ ಹಾಲಿನ ಲಾರಿ ಕತೆ ಹೇಳೋ. ಆ ಮೇಜಿನೋರು ಕೇಳಿಲ್ಲ."

"ನನ್ನೇನು ಕೇಳ್ತೀಯ?" ಸೆಪ್ಪೆಟೋನಿಯ ದನಿಯಲ್ಲಿ ಕಹಿಯಿತ್ತು. "ಒಳಗಿದ್ದೋಳು ಅವಳು. ಈಗ ಅವಳ ಮಾತೇ ಬೇರೆ, ನನ್ನ ಮಾತೇ ಬೇರೆ ಆಗಿದೆಯಲ್ಲ, ಅವಳನ್ನೇ ಕೇಳು."

ಅವನು ಚುಚ್ಚಲೆಂದೇ ಅಂದದ್ದು. ಅಗಾಥಾ ಕ್ರೆಂಪ್ಫ್ಲಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಎಲ್ಲರ ಮುಖ ಕಾಣುವಂತೆ ಕುರ್ಚಿ ತಿರುಗಿಸಿಕೊಂಡಳು.

"ಮೊದಲು ಯಾರು ಕೂಗಿದ್ದು ಅಂತ ಯಾವಾಗ್ಲೂ ಕೇಳ್ತೀರಲ್ಲ," ಎಂದಳು. "ಯಾರೂ ಕೂಗ್ಲಿಲ್ಲ. ಮಗು ಹುಟ್ಟಿದ ಮೇಲೆ ಬಹಳ ಹೊತ್ತು ಕೂಗ್ಲಿಲ್ಲ. ಕತ್ತಲಲ್ಲಿ ನಾನೊಬ್ಳೇ ಅದನ್ನ ಎದೆಗೆ ಉಜ್ಜಿಕೊಳ್ತಾ ಕೂತಿದ್ದೆ."

ಸೆಪ್ಪೆಟೋನಿ ಎತ್ತಿಕೊಂಡಿದ್ದ ಲೋಟವನ್ನು ಬಾಯಿಗೆ ಒಯ್ಯದೆ ಕೆಳಗಿಟ್ಟ.